ಬೆಳಕಿನ ತಟ್ಟೆಯಲ್ಲಿ ಚಲಚ್ಚಿತ್ರದ ಪಾಠ

ತರಗತಿಯಲ್ಲಿ ಪಾಠ ನಡೆಯುತ್ತಿರುವಾಗ ವಿದ್ಯಾರ್ಥಿಯೊಬ್ಬನು ಎದ್ದು ನಿಂತು "ಇನ್ನೊಮ್ಮೆ ಹೇಳಿ" ಎಂದು ಕೇಳಿದರೆ ಅಧ್ಯಾಪಕರು ಹೇಳುತ್ತಿದ್ದುದನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಎರಡು ವಾಕ್ಯ ಹಿಂದಕ್ಕೆ ಹೋಗುತ್ತಾರೆ. ಹುಡುಗನ ಮುಖವನ್ನು ನೋಡಿ ಉದಾಹರಣೆಯನ್ನೇ ಬದಲಾಯಿಸುವುದೂ ಉಂಟು. ಪುಸ್ತಕವು ಉದಾಹರಣೆಯನ್ನು ಬದಲಾಯಿಸಲಾರದಾದರೂ ಪುಟವನ್ನು ಹಿಂದಕ್ಕೆ ತಿರುವಲು ಅಡ್ಡಿಪಡಿಸುವುದಿಲ್ಲ. ಚಲಚ್ಚಿತ್ರವಾದರೋ ಬಹುಕಾಲ ಈ ಎರಡು ಸೌಜನ್ಯಗಳನ್ನೂ ಅರಿಯದ ಬೋಧಕನಾಗಿತ್ತು. ಹಿಂದೆ ಶಾಲೆಗಳಲ್ಲಿ ಹದಿನಾರು ಮಿಲಿಮೀಟರ್ ಪ್ರೊಜೆಕ್ಟರಿನಿಂದ ತೋರಿಸುತ್ತಿದ್ದ ಶೈಕ್ಷಣಿಕ ಚಿತ್ರಗಳನ್ನು ಕಂಡವರಿಗೆ ಇದು ಚೆನ್ನಾಗಿ ಗೊತ್ತು. ಸುರುಳಿ ಓಡತೊಡಗಿದ ಮೇಲೆ ಮುಗಿಯುವವರೆಗೆ ಓಡಲೇಬೇಕು. ಹೃದಯದ ಕವಾಟ ತೆರೆದು ಮುಚ್ಚುವ ದೃಶ್ಯವನ್ನು ನಿಲ್ಲಿಸಿ ವಿವರಿಸೋಣವೆಂದರೆ ದೀಪದ ಕಾವಿಗೆ ಫಿಲ್ಮು ಸುಟ್ಟೀತೆಂಬ ಭಯ!

ಈ ಓಡುವ ಚಿತ್ರವನ್ನು ಕಲಿಯುವವನ ಕೈಗೆ ಒಪ್ಪಿಸುವುದು ಹೇಗೆ? ಅವನು ಬೇಕಾದಲ್ಲಿ ನಿಲ್ಲಿಸಿ, ಬೇಕಾದುದಕ್ಕೆ ಹಾರಿ, ಪ್ರಶ್ನೆ ಕೇಳಿದಾಗ ಅದಕ್ಕೆ ತಕ್ಕ ದೃಶ್ಯವೇ ಎದುರಿಗೆ ಬರುವಂತೆ ಮಾಡುವ ಬಗೆ ಯಾವುದು? ೧೯೭೦ರ ದಶಕದ ಕೊನೆಯಿಂದ ಸುಮಾರು ಇಪ್ಪತ್ತು ವರ್ಷಗಳ ಕಾಲ ಶಿಕ್ಷಣತಜ್ಞರೂ ಎಂಜಿನಿಯರುಗಳೂ ಈ ಪ್ರಶ್ನೆಗೆ ಉತ್ತರವನ್ನು ಬೆಳಕಿನ ತಟ್ಟೆಯಲ್ಲಿ, ಅಂದರೆ ಲೇಸರ್ ಕಿರಣದಿಂದ ಓದುವ ತಟ್ಟೆಯಲ್ಲಿ ಹುಡುಕಿದರು. ಆ ತಟ್ಟೆಗಳು ಇಂದು ಬಹುಮಟ್ಟಿಗೆ ಬಳಕೆ ತಪ್ಪಿವೆ. ಆದರೆ ಅವುಗಳ ನಿಮಿತ್ತವಾಗಿ ಕಂಡುಕೊಂಡ ಉಪಾಯಗಳೇ ಇಂದು ಮೊಬೈಲ್ ಫೋನಿನಲ್ಲಿ ಮಕ್ಕಳು ನೋಡುವ ಪಾಠಗಳ ಒಳಗೂ ಕೆಲಸ ಮಾಡುತ್ತಿರುವುದರಿಂದ, ಆ ವೃತ್ತಾಂತವನ್ನು ಅಧ್ಯಾಪಕರೂ ವಿದ್ಯಾಭಿಮಾನಿಗಳೂ ಸ್ವಲ್ಪ ವಿವರವಾಗಿ ತಿಳಿದಿರುವುದು ಉಚಿತವೆಂದು ಭಾವಿಸುತ್ತೇನೆ. ಶಾಲೆಗೆ ಉಪಕರಣ ಕೊಳ್ಳುವವರಿಗೂ ಕೊಡಿಸುವವರಿಗೂ ಅದರಲ್ಲಿ ತಮ್ಮ ಲೆಕ್ಕಕ್ಕೆ ಬರುವ ಸಂಗತಿಗಳಿವೆ.

ಮೊದಲು ಬಂದುದು ದೊಡ್ಡ ತಟ್ಟೆ. ೧೯೭೮ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಈ ಲೇಸರ್ ಡಿಸ್ಕು ಮೂವತ್ತು ಸೆಂಟಿಮೀಟರ್ ಅಗಲದ್ದು, ಹಳೆಯ ಗ್ರಾಮಫೋನ್ ತಟ್ಟೆಯಷ್ಟೇ ಗಾತ್ರದ್ದು. ಅದರಲ್ಲಿ ಚಿತ್ರವನ್ನು ಅಂಕಿಗಳಾಗಿ ಬರೆದಿರಲಿಲ್ಲ. ದೂರದರ್ಶನದ ಸಂಕೇತವನ್ನೇ ಹೆಚ್ಚುಕಡಿಮೆ ಇದ್ದ ಹಾಗೆ ಕೆತ್ತಲಾಗಿತ್ತು. ಅದರ ಒಂದು ಬಗೆಯ ರಚನೆಯಲ್ಲಿ ಬಹಳ ಸೊಗಸಾದ ಒಂದು ಗುಣವಿತ್ತು. ತಟ್ಟೆ ಒಂದು ಸುತ್ತು ತಿರುಗಿದರೆ ಸರಿಯಾಗಿ ಒಂದು ಚಿತ್ರ. ನಿಮಿಷಕ್ಕೆ ೧,೮೦೦ ಸುತ್ತು, ಸೆಕೆಂಡಿಗೆ ಮೂವತ್ತು ಚಿತ್ರ. ಅರ್ಧ ಗಂಟೆಗೆ, ಅಂದರೆ ಒಂದು ಬದಿಗೆ, ೫೪,೦೦೦ ಚಿತ್ರಗಳು. ಹೀಗಿರುವಾಗ ಚಲಚ್ಚಿತ್ರವನ್ನು ನಿಲ್ಲಿಸುವುದೆಂದರೆ ಲೇಸರ್ ಕಿರಣವನ್ನು ಮುಂದಿನ ಸುತ್ತಿಗೆ ಬಿಡದೆ ಅದೇ ಸುತ್ತನ್ನು ಮತ್ತೆ ಮತ್ತೆ ಓದಿಸುವುದು, ಅಷ್ಟೆ. ಪ್ರತಿಯೊಂದು ಚಿತ್ರಕ್ಕೂ ತನ್ನದೇ ಸಂಖ್ಯೆ, ತನ್ನದೇ ಮನೆ. ಹತ್ತಿರ ಒಂದು ಕಂಪ್ಯೂಟರನ್ನು ಜೋಡಿಸಿ "ಇಪ್ಪತ್ತೆರಡು ಸಾವಿರದ ಏಳನೆಯ ಚಿತ್ರವನ್ನು ತೋರಿಸು" ಎಂದರೆ ಅದು ತೋರಿಸುತ್ತಿತ್ತು.

ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ೧೯೭೮ರ ವೇಳೆಗೆ ಇದೇ ಗುಣವನ್ನು ಬಳಸಿಕೊಂಡು ಒಂದು ಪ್ರಯೋಗ ನಡೆಯಿತು. ಕೊಲರಾಡೊ ರಾಜ್ಯದ ಆಸ್ಪೆನ್ ಎಂಬ ಸಣ್ಣ ಊರಿನ ಬೀದಿಗಳಲ್ಲಿ ಕಾರಿನ ಮೇಲೆ ಕ್ಯಾಮರಾಗಳನ್ನು ಕೂರಿಸಿ, ಪ್ರತಿ ಹತ್ತು ಅಡಿಗೊಂದು ಚಿತ್ರದಂತೆ ತೆಗೆದು, ಅವನ್ನೆಲ್ಲ ತಟ್ಟೆಗೆ ಏರಿಸಿದರು. ನೋಡುವವನು ತೆರೆಯನ್ನು ಬೆರಳಿನಿಂದ ಮುಟ್ಟಿ ಎಡಕ್ಕೆ ತಿರುಗಬಹುದು, ಬಲಕ್ಕೆ ತಿರುಗಬಹುದು, ಬೇಡವೆನಿಸಿದಲ್ಲಿ ನಿಲ್ಲಬಹುದು. ಚಲಚ್ಚಿತ್ರದಲ್ಲಿ ದಾರಿಯನ್ನು ನಿರ್ಧರಿಸುವ ಅಧಿಕಾರ ನೋಡುವವನಿಗೆ ದೊರೆತ ಮೊದಲ ಸಂದರ್ಭಗಳಲ್ಲಿ ಇದೊಂದು.

ಆದರೆ ಈ ದೊಡ್ಡ ತಟ್ಟೆಯ ಯಂತ್ರ ದುಬಾರಿ. ಅದಕ್ಕೊಂದು ಪ್ರತ್ಯೇಕ ಕಂಪ್ಯೂಟರು, ಎರಡನ್ನೂ ಹೊಂದಿಸುವ ಸಲಕರಣೆ, ಚಿತ್ರಕ್ಕೊಂದು ಪರದೆ, ಅಕ್ಷರಕ್ಕೊಂದು ಪರದೆ. ಶಾಲೆಗಳಿಗೆ ಹೇಳಿಸಿದ್ದಲ್ಲ. ಆಗ ಎಲ್ಲರ ಕಣ್ಣೂ ೧೯೮೨ರಲ್ಲಿ ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು ಸಂಗೀತಕ್ಕಾಗಿ ಹೊರತಂದ ಹನ್ನೆರಡು ಸೆಂಟಿಮೀಟರಿನ ಪುಟ್ಟ ತಟ್ಟೆಯ ಮೇಲೆ ಬಿತ್ತು. ನಾವೆಲ್ಲರೂ ಸಿ.ಡಿ. ಎಂದು ಕರೆಯುವುದು ಇದನ್ನೇ. ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಅತಿ ಸೂಕ್ಷ್ಮವಾದ ಕುಳಿಗಳನ್ನು ಒತ್ತಿ, ಅದರ ಮೇಲೆ ಅಲ್ಯೂಮಿನಿಯಂ ಲೇಪ ಕೊಟ್ಟಿರುತ್ತಾರೆ. ಕುಳಿಗಳ ಸಾಲು ಒಳಗಿನಿಂದ ಹೊರಕ್ಕೆ ಒಂದೇ ಸುರುಳಿಯಾಗಿ ಸಾಗುತ್ತದೆ. ಪಕ್ಕಪಕ್ಕದ ಎರಡು ಸುತ್ತುಗಳ ನಡುವಣ ಅಂತರ ಒಂದು ಮಿಲಿಮೀಟರಿನ ಸಾವಿರ ಭಾಗದಲ್ಲಿ ಒಂದೂವರೆಗಿಂತ ಸ್ವಲ್ಪ ಹೆಚ್ಚು. ಸುರುಳಿಯನ್ನು ಬಿಡಿಸಿ ನೇರವಾಗಿ ಹಾಸಿದರೆ ಐದು ಕಿಲೋಮೀಟರಿಗೂ ಉದ್ದವಾಗುತ್ತದೆ. ಕುಳಿಯ ಅಂಚು ಬಂದಾಗ ಪ್ರತಿಫಲಿಸುವ ಬೆಳಕು ಏರುಪೇರಾಗುತ್ತದೆ. ಆ ಏರುಪೇರೇ ಒಂದು ಮತ್ತು ಸೊನ್ನೆಗಳ ಭಾಷೆ. ೧೯೮೫ರ ಹೊತ್ತಿಗೆ ಸಂಗೀತದ ಜಾಗದಲ್ಲಿ ಕಂಪ್ಯೂಟರಿನ ಮಾಹಿತಿಯನ್ನು ಇಡುವ ಸಿ.ಡಿ.-ರಾಮ್ ಬಂದಿತು. ಒಂದು ಇಡೀ ವಿಶ್ವಕೋಶದ ಅಕ್ಷರಗಳೆಲ್ಲ ಒಂದು ತಟ್ಟೆಯಲ್ಲಿ ಅಡಗಿಹೋದುವು. ಅಂದಮೇಲೆ ಚಲಚ್ಚಿತ್ರವೂ ಅಡಗಲಾರದೇ ಎಂಬ ಆಸೆ ಸಹಜವಾಗಿಯೇ ಮೂಡಿತು.

ಆದರೆ ಲೆಕ್ಕ ಹಾಕಿ ನೋಡಿದರೆ ಎದೆ ಕುಸಿಯುತ್ತದೆ. ವಾಚಕರು ಬೇಸರಿಸದೆ ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಸಾಧಾರಣ ಗಾತ್ರದ ಒಂದು ಚಿತ್ರದಲ್ಲಿ ಅಡ್ಡಸಾಲಿಗೆ ೬೪೦, ಉದ್ದಸಾಲಿಗೆ ೪೮೦ ಬಿಂದುಗಳಿವೆಯೆನ್ನೋಣ. ಪ್ರತಿ ಬಿಂದುವಿಗೆ ಕೆಂಪು, ಹಸಿರು, ನೀಲಿಗಳಿಗಾಗಿ ಮೂರು ಬೈಟ್ ಬೇಕು. ಒಂದು ಚಿತ್ರಕ್ಕೆ ೯,೨೧,೬೦೦ ಬೈಟ್. ಸೆಕೆಂಡಿಗೆ ಮೂವತ್ತು ಚಿತ್ರವೆಂದರೆ ೨,೭೬,೪೮,೦೦೦ ಬೈಟ್. ಎಪ್ಪತ್ತನಾಲ್ಕು ನಿಮಿಷದ ಸಿ.ಡಿ.-ರಾಮಿನ ಒಟ್ಟು ಸಾಮರ್ಥ್ಯ ಸುಮಾರು ೬೮ ಕೋಟಿ ಬೈಟ್. ಅಂದರೆ ಇಡೀ ತಟ್ಟೆಯಲ್ಲಿ ಹಿಡಿಯುವ ಚಲಚ್ಚಿತ್ರ ಇಪ್ಪತ್ತೈದು ಸೆಕೆಂಡೂ ಇಲ್ಲ! ಇದು ಸಾಲದೆಂಬಂತೆ ಇನ್ನೊಂದು ತೊಡಕು. ಅಂದಿನ ಯಂತ್ರವು ತಟ್ಟೆಯಿಂದ ಸೆಕೆಂಡಿಗೆ ೧,೫೩,೬೦೦ ಬೈಟ್‌ಗಳನ್ನು ಮಾತ್ರ ಓದಬಲ್ಲುದಾಗಿತ್ತು. ಆ ಇಪ್ಪತ್ತೈದು ಸೆಕೆಂಡಿನ ಚಿತ್ರವನ್ನು ಓದಿ ಮುಗಿಸಲು ಎಪ್ಪತ್ತನಾಲ್ಕು ನಿಮಿಷ ಹಿಡಿಯುತ್ತಿತ್ತು. ದೊಡ್ಡ ಹೊಂಡವಿದೆ, ಆದರೆ ನೀರು ಹೊರಬರುವ ತೂಬು ಬೆರಳು ಗಾತ್ರದ್ದು ಎಂಬಂತೆ.

ಮೊದಲ ಉಪಾಯ, ಚಿತ್ರವನ್ನು ಚಿಕ್ಕದು ಮಾಡುವುದು. ಅಡ್ಡಲಾಗಿ ೩೫೨, ಉದ್ದಕ್ಕೆ ೨೮೮ ಬಿಂದುಗಳಿಗೆ ಇಳಿಸಿದರು. ಎರಡನೆಯದು ಕಣ್ಣಿನ ಸ್ವಭಾವವನ್ನು ಬಳಸಿಕೊಳ್ಳುವುದು. ನಮ್ಮ ಕಣ್ಣು ಬೆಳಕು-ನೆರಳುಗಳ ಗೆರೆಯನ್ನು ಎಷ್ಟು ಸೂಕ್ಷ್ಮವಾಗಿ ಗುರುತಿಸುತ್ತದೋ ಬಣ್ಣದ ಗೆರೆಯನ್ನು ಅಷ್ಟು ಸೂಕ್ಷ್ಮವಾಗಿ ಗುರುತಿಸಲಾರದು. ಆದ್ದರಿಂದ ಹೊಳಪನ್ನು ಪ್ರತಿ ಬಿಂದುವಿಗೂ ಬರೆದು, ಬಣ್ಣವನ್ನು ನಾಲ್ಕು ಬಿಂದುಗಳಿಗೊಮ್ಮೆ ಬರೆದರೂ ನೋಡುವವನಿಗೆ ಕೊರತೆ ಕಾಣುವುದಿಲ್ಲ. ಹೀಗೆ ಮಾಡಿದ ಮೇಲೆ ಒಂದು ಚಿತ್ರಕ್ಕೆ ಬೇಕಾದುದು ೧,೫೨,೦೬೪ ಬೈಟ್. ತಟ್ಟೆ ಒಂದು ಸೆಕೆಂಡಿನಲ್ಲಿ ಕೊಡುವುದು ೧,೫೩,೬೦೦. ಅಂದರೆ ಸೆಕೆಂಡಿಗೆ ಒಂದು ಚಿತ್ರ ಬಂದಂತಾಯಿತು. ನಮಗೆ ಬೇಕಾದುದು ಇಪ್ಪತ್ತೈದು.

ಉಳಿದ ಇಪ್ಪತ್ತೈದು ಪಟ್ಟನ್ನು ಗಣಿತದಿಂದ ಗಳಿಸಬೇಕಾಯಿತು. ಆ ಗಣಿತದ ಮುಖ್ಯ ಭಾಗ ಕರ್ನಾಟಕದವರೊಬ್ಬರ ಕೊಡುಗೆಯೆಂಬುದು ನಮ್ಮ ಹೆಮ್ಮೆ. ನಾಸಿರ್ ಅಹ್ಮದ್ ಅವರು ೧೯೪೦ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ೧೯೧೭ರಲ್ಲಿ ಸ್ಥಾಪಿತವಾಗಿ ಇಂದು ವಿಶ್ವೇಶ್ವರಯ್ಯನವರ ಹೆಸರಿನಲ್ಲಿರುವ ವಿಶ್ವವಿದ್ಯಾಲಯ ಎಂಜಿನಿಯರಿಂಗ್ ಕಾಲೇಜಿನಿಂದ ೧೯೬೧ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದರು. ಕನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದಾಗ, ೧೯೭೨ರಲ್ಲಿ, ಕೊಸೈನ್ ಪರಿವರ್ತನೆಯೆಂಬ ಒಂದು ವಿಧಾನವನ್ನು ಶೋಧಿಸಲು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಧನಸಹಾಯ ಕೇಳಿದರು. ಸಹಾಯ ದೊರೆಯಲಿಲ್ಲ. ವಿಚಾರ ತೀರ ಸರಳವಾಯಿತೆಂದು ಪರಿಶೀಲಕರೊಬ್ಬರು ಅಭಿಪ್ರಾಯಪಟ್ಟರಂತೆ! ಅಹ್ಮದ್ ಅವರು ಬಿಡಲಿಲ್ಲ. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಟೆಕ್ಸಾಸಿನ ಕೆ. ಆರ್. ರಾವ್ ಅವರೊಂದಿಗೆ ಕೆಲಸವನ್ನು ಮುಂದುವರಿಸಿ ೧೯೭೪ರ ಜನವರಿಯಲ್ಲಿ ಕೆಲವೇ ಪುಟಗಳ ಒಂದು ಲೇಖನವನ್ನು ಪ್ರಕಟಿಸಿದರು. ಇಂದು ಲೋಕದಲ್ಲಿ ಓಡಾಡುವ ಛಾಯಾಚಿತ್ರಗಳಲ್ಲಿ, ವೀಡಿಯೊಗಳಲ್ಲಿ ಬಹುಪಾಲು ಆ ಪುಟಗಳ ಋಣದಲ್ಲಿವೆ.

ವಿಧಾನವನ್ನು ಸ್ಥೂಲವಾಗಿ ಹೀಗೆ ತಿಳಿಯಬಹುದು. ಚಿತ್ರವನ್ನು ಚದುರಂಗದ ಮಣೆಯಂತೆ ಎಂಟು ಮನೆ ಅಗಲ, ಎಂಟು ಮನೆ ಉದ್ದದ ತುಂಡುಗಳಾಗಿ ಕತ್ತರಿಸಬೇಕು. ಒಂದು ತುಂಡಿನಲ್ಲಿ ಅರವತ್ತನಾಲ್ಕು ಹೊಳಪಿನ ಅಂಕಿಗಳು. ಈ ಅರವತ್ತನಾಲ್ಕನ್ನು ಬೇರೆ ಅರವತ್ತನಾಲ್ಕು ಅಂಕಿಗಳಾಗಿ ಪರಿವರ್ತಿಸುತ್ತಾರೆ. ಹೊಸ ಅಂಕಿಗಳಲ್ಲಿ ಮೊದಲನೆಯದು ಇಡೀ ತುಂಡಿನ ಸರಾಸರಿ ಹೊಳಪನ್ನು ಹೇಳುತ್ತದೆ. ಅನಂತರದವು ಅದರಲ್ಲಿ ಎಂತೆಂತಹ ಅಲೆಗಳಿವೆ ಎಂಬುದನ್ನು, ಮೊದಲು ಅಗಲವಾದ ನಿಧಾನದ ಅಲೆ, ಆಮೇಲೆ ಕಿರಿದಾದ ಅಲೆ, ಕೊನೆಗೆ ಅತಿ ಸೂಕ್ಷ್ಮ ಅಲೆ ಎಂಬ ಕ್ರಮದಲ್ಲಿ ಹೇಳುತ್ತವೆ. ಅರವತ್ತನಾಲ್ಕು ಹೋಗಿ ಅರವತ್ತನಾಲ್ಕೇ ಬಂದುದರಿಂದ ಲಾಭವೇನೆಂದು ಯಾರಾದರೂ ಕೇಳಬಹುದು. ತುಂಡು ಸುಣ್ಣ ಬಳಿದ ಗೋಡೆಯ ಮೇಲೆ ಬಿದ್ದಿದ್ದರೆ ಮೊದಲ ಅಂಕಿಯೊಂದನ್ನು ಬಿಟ್ಟು ಉಳಿದವೆಲ್ಲ ಸೊನ್ನೆಯ ಹತ್ತಿರ ಬಂದುಬಿಡುತ್ತವೆ. ಆಕಾಶ, ನೆಲ, ಗೋಡೆ, ಕೆನ್ನೆ, ಬಟ್ಟೆ: ಲೋಕದ ಚಿತ್ರಗಳಲ್ಲಿ ಹೆಚ್ಚಿನ ಪಾಲು ಇಂತಹ ನುಣುಪು ಭಾಗಗಳೇ. ಸೂಕ್ಷ್ಮ ಅಲೆಗಳ ಅಂಕಿಗಳನ್ನು ಒರಟಾಗಿ ದುಂಡುಮಾಡಿದರೂ ಕಣ್ಣಿಗೆ ಅಷ್ಟಾಗಿ ಗೊತ್ತಾಗದು. ದುಂಡುಮಾಡಿದರೆ ಬಹಳಷ್ಟು ಪೂರ್ತಿ ಸೊನ್ನೆಗಳೇ ಆಗುತ್ತವೆ. ನಲವತ್ತು ಸೊನ್ನೆಗಳನ್ನು ಒಂದೊಂದಾಗಿ ಬರೆಯುವ ಬದಲು "ಇಲ್ಲಿಂದ ಮುಂದೆ ಸೊನ್ನೆ" ಎಂದು ಒಂದೇ ಗುರುತು ಹಾಕಿದರೆ ಸಾಕು.

ಅಧ್ಯಾಪಕರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ನುಣುಪಾದ ಗೋಡೆಗೆ ಒಪ್ಪುವ ಈ ಉಪಾಯ ಚೂಪಾದ ಗೆರೆಗೆ ಒಪ್ಪುವುದಿಲ್ಲ. ಕರಿಹಲಗೆಯ ಅಕ್ಷರ, ಭೂಪಟದ ಗಡಿರೇಖೆ, ಮಂಡಲಚಿತ್ರದ ತಂತಿ ಇವು ಸೂಕ್ಷ್ಮ ಅಲೆಗಳಿಂದಲೇ ಆದವು. ಅವನ್ನು ದುಂಡುಮಾಡಿದರೆ ಅಂಚು ಕಲಸಿಹೋಗುತ್ತದೆ. ಇಂಗ್ಲಿಷಿನ ದಪ್ಪ ಅಕ್ಷರಗಳು ಹೇಗೋ ಉಳಿದುಕೊಂಡರೂ ನಮ್ಮ ಕನ್ನಡದ ತಲೆಕಟ್ಟು, ಒತ್ತಕ್ಷರ, ದೀರ್ಘದ ಕೊಂಬು ಉಳಿಯುವುದು ಕಷ್ಟ. ಪಾಠದ ಅಕ್ಷರಗಳನ್ನು ಚಲಚ್ಚಿತ್ರದ ಒಳಗೆ ಬೆರೆಸದೆ ಪ್ರತ್ಯೇಕವಾಗಿ, ಅಕ್ಷರವಾಗಿಯೇ, ಇಲ್ಲವೆ ದೊಡ್ಡ ಸ್ಥಿರಚಿತ್ರವಾಗಿ ಇಡಬೇಕೆಂಬುದು ಅಂದಿನ ತಟ್ಟೆಗಳಿಗೆ ಹೇಗೆ ಸಲ್ಲುತ್ತಿತ್ತೋ ಇಂದು ಫೋನಿನಲ್ಲಿ ಪಾಠವನ್ನು ಚಿತ್ರೀಕರಿಸುವವರಿಗೂ ಹಾಗೆಯೇ ಸಲ್ಲುತ್ತದೆ.

ಇಷ್ಟಾದರೂ ಗುರಿ ಮುಟ್ಟಲಿಲ್ಲ. ಕೊನೆಯ ಉಪಾಯ, ಚಿತ್ರಗಳ ನಡುವಣ ಸಂಬಂಧವನ್ನು ಬಳಸುವುದು. ಅಧ್ಯಾಪಕರು ಹಲಗೆಯ ಮುಂದೆ ನಿಂತು ಮಾತನಾಡುವ ಒಂದು ಸೆಕೆಂಡಿನ ದೃಶ್ಯದಲ್ಲಿ ಇಪ್ಪತ್ತೈದು ಚಿತ್ರಗಳಿದ್ದರೂ ಹಲಗೆ, ಗೋಡೆ, ಮೇಜು ಎಲ್ಲದರಲ್ಲೂ ಅವೇ. ಅಲುಗಿದ್ದು ಕೈ ಮತ್ತು ತುಟಿ. ಆದ್ದರಿಂದ ಮೊದಲ ಚಿತ್ರವನ್ನು ಪೂರ್ಣವಾಗಿ ಬರೆದು, ಮುಂದಿನವುಗಳಲ್ಲಿ "ಹಿಂದಿನಂತೆಯೇ, ಆದರೆ ಈ ತುಂಡು ಇಷ್ಟು ಎಡಕ್ಕೆ ಸರಿದಿದೆ" ಎಂದು ವ್ಯತ್ಯಾಸವನ್ನು ಮಾತ್ರ ಬರೆಯುತ್ತಾರೆ. ಯಾವ ತುಂಡು ಎಲ್ಲಿಗೆ ಸರಿದಿದೆಯೆಂದು ಹುಡುಕುವುದು ಕಂಪ್ಯೂಟರಿಗೆ ಬಹಳ ಶ್ರಮದ ಕೆಲಸ. ಹೇಳಿದಂತೆ ಸರಿಸಿ ಜೋಡಿಸುವುದು ಹಗುರದ ಕೆಲಸ. ತಟ್ಟೆಗೆ ಇದು ಹೇಳಿಮಾಡಿಸಿದ ಏರ್ಪಾಡು: ಶ್ರಮವೆಲ್ಲ ತಯಾರಿಸುವಲ್ಲಿ ಒಮ್ಮೆ, ನೋಡುವ ಸಾವಿರ ಮನೆಗಳಲ್ಲಿ ಹಗುರ.

ಆದರೆ ಪ್ರಾರಂಭದಲ್ಲಿ ಹೇಳಿದ ವಿದ್ಯಾರ್ಥಿಯ ಪ್ರಶ್ನೆಗೆ ಇಲ್ಲಿಯೇ ಪೆಟ್ಟು ಬೀಳುತ್ತದೆ. ದೊಡ್ಡ ತಟ್ಟೆಯಲ್ಲಿ ಪ್ರತಿಯೊಂದು ಚಿತ್ರವೂ ಸ್ವತಂತ್ರವಾಗಿತ್ತು. ಯಾವುದರ ಬಾಗಿಲನ್ನಾದರೂ ನೇರವಾಗಿ ತಟ್ಟಬಹುದಾಗಿತ್ತು. ಅಡಕಗೊಳಿಸಿದ ಚಲಚ್ಚಿತ್ರದಲ್ಲಿ ಬಹುಪಾಲು ಚಿತ್ರಗಳು ಪರಾವಲಂಬಿಗಳು. ಹನ್ನೊಂದನೆಯ ಚಿತ್ರವನ್ನು ಕೇಳಿದರೆ ಅದು ಹತ್ತನೆಯದನ್ನು ತೋರಿಸುತ್ತದೆ, ಹತ್ತನೆಯದು ಒಂಬತ್ತನೆಯದನ್ನು; ಕೆಲವಂತೂ ತಮ್ಮ ಮುಂದಿನ ಚಿತ್ರವನ್ನು ಓದದೆ ಬಿಡಿಸಲು ಬರದಂತಹವು. ಎಷ್ಟು ಹೆಚ್ಚು ಅಡಕಗೊಳಿಸುತ್ತೇವೋ ಚಿತ್ರಗಳು ಅಷ್ಟು ಬಿಗಿಯಾಗಿ ಒಂದಕ್ಕೊಂದು ಕಟ್ಟಿಕೊಳ್ಳುತ್ತವೆ. ಎಷ್ಟು ಬಿಗಿಯಾದರೆ ಅಷ್ಟು ನಡುವೆ ನಿಲ್ಲುವ, ಹಾರುವ, ತಿರುಗುವ ಸ್ವಾತಂತ್ರ್ಯ ಕುಂದುತ್ತದೆ. ಸಂವಾದದ ಕಲಿಕೆಗೆಂದು ಚಿತ್ರವನ್ನು ತಟ್ಟೆಗೆ ತಂದುದು. ತಟ್ಟೆಗೆ ತಂದ ಉಪಾಯವೇ ಸಂವಾದಕ್ಕೆ ಅಡ್ಡಿ. ಈ ವಿಷಯದ ಮರ್ಮವೆಲ್ಲ ಇರುವುದು ಇಲ್ಲಿ.

ಪರಿಹಾರವು ರಾಜಿಯ ರೂಪದಲ್ಲಿ ಬಂದಿತು. ಅಷ್ಟಷ್ಟು ದೂರಕ್ಕೆ, ಸಾಮಾನ್ಯವಾಗಿ ಅರ್ಧ ಸೆಕೆಂಡಿಗೊಮ್ಮೆ, ಒಂದು ಪೂರ್ಣ ಸ್ವತಂತ್ರ ಚಿತ್ರವನ್ನು ಇಡುವುದು. ಹಾರುವುದಿದ್ದರೆ ಅಲ್ಲಿಗೆ ಮಾತ್ರ ಹಾರುವುದು. ಹೆದ್ದಾರಿಯಲ್ಲಿ ಎಲ್ಲೆಂದರಲ್ಲಿ ಇಳಿಯಲಾಗದಿದ್ದರೂ ನಿಲ್ದಾಣಗಳು ಹತ್ತಿರ ಹತ್ತಿರವಿದ್ದರೆ ಪ್ರಯಾಣಿಕನಿಗೆ ತೊಂದರೆಯಿಲ್ಲವಷ್ಟೆ. ನಿಲ್ದಾಣಗಳು ಹೆಚ್ಚಿದಷ್ಟೂ ಸ್ಥಳ ಹೆಚ್ಚು ಬೇಕು.

ಇದರ ಜೊತೆಗೆ ಯಂತ್ರದ ಆಲಸ್ಯವೂ ಸೇರಿತು. ಸಿ.ಡಿ. ಒಳಸುತ್ತನ್ನು ಓದುವಾಗ ನಿಮಿಷಕ್ಕೆ ಸುಮಾರು ೫೦೦ ಸುತ್ತು, ಹೊರಸುತ್ತಿನಲ್ಲಿ ಸುಮಾರು ೨೦೦ ಸುತ್ತು ತಿರುಗುತ್ತದೆ. ಒಂದೆಡೆಯಿಂದ ಇನ್ನೊಂದೆಡೆಗೆ ಹಾರಬೇಕಾದರೆ ಮಸೂರ ಸರಿಯಬೇಕು, ತಟ್ಟೆಯ ವೇಗವೂ ಬದಲಾಗಬೇಕು; ಮೊದಲ ಯಂತ್ರಗಳಲ್ಲಿ ದೂರದ ಹಾರಾಟಕ್ಕೆ ಒಂದು ಸೆಕೆಂಡಿನಷ್ಟು ಹೊತ್ತು ಹಿಡಿಯುತ್ತಿತ್ತು. ಆದ್ದರಿಂದ ಪಾಠವನ್ನು ರಚಿಸುವವರು ಒಂದು ಪ್ರಶ್ನೆಗೆ ಬರಬಹುದಾದ ಉತ್ತರದೃಶ್ಯಗಳನ್ನೆಲ್ಲ ತಟ್ಟೆಯಲ್ಲಿ ಅಕ್ಕಪಕ್ಕದಲ್ಲಿ ಇಡಬೇಕಾಗಿತ್ತು. ಯಾವ ವಿದ್ಯಾರ್ಥಿ ಏನು ಕೇಳಿಯಾನೆಂಬುದನ್ನು ಮೊದಲೇ ಊಹಿಸಿ ಕುಳಿಗಳ ಸಾಲನ್ನು ಹೊಂದಿಸುವ ಈ ಕೆಲಸ ಎಂಜಿನಿಯರಿಂಗಿಗಿಂತ ಹೆಚ್ಚಾಗಿ ಪಾಠಯೋಜನೆಗೆ ಹತ್ತಿರವಾದುದು.

ಈ ಎಲ್ಲ ಬಿಕ್ಕಟ್ಟುಗಳ ನಡುವೆ ಒಂದು ತಟ್ಟೆ ನಿಜವಾಗಿ ಹೇಗಿತ್ತೆಂಬುದಕ್ಕೆ ಉತ್ತಮ ನಿದರ್ಶನ "ಪಾಲೆಂಕೆ". ಅಮೆರಿಕದ ಆರ್.ಸಿ.ಎ. ಕಂಪನಿಗೆ ಸೇರಿದ್ದ ಪ್ರಿನ್ಸ್‌ಟನ್ನಿನ ಸಾರ್ನಾಫ್ ಸಂಶೋಧನ ಕೇಂದ್ರದವರು ಡಿ.ವಿ.ಐ. ಎಂಬ ವಿಧಾನವನ್ನು ರೂಪಿಸಿ, ಒಂದು ಸಿ.ಡಿ.-ರಾಮಿನಲ್ಲಿ ಎಪ್ಪತ್ತೆರಡು ನಿಮಿಷದ ಪೂರ್ಣ ಚಲಚ್ಚಿತ್ರ ಹಿಡಿಯುವುದೆಂದು ೧೯೮೭ರ ಮಾರ್ಚಿಯಲ್ಲಿ ಸಿಯಾಟಲ್ ನಗರದ ಸಮ್ಮೇಳನವೊಂದರಲ್ಲಿ ತೋರಿಸಿದಾಗ ಸೇರಿದ್ದವರು ಬೆರಗಾದರು. ಒಂದು ಚಿತ್ರಕ್ಕೆ ಸರಾಸರಿ ಐದು ಸಾವಿರ ಬೈಟ್ ಮಾತ್ರ. ಅದರ ಗಣಿತ ಮೇಲೆ ಹೇಳಿದ ಕೊಸೈನ್ ವಿಧಾನವಲ್ಲ, ಕಂಪನಿಯದೇ ಆದ ಬೇರೊಂದು ಸೂತ್ರ. ಅಡಕವನ್ನು ಬಿಡಿಸಲು ಎರಡು ವಿಶೇಷ ಚಿಪ್‌ಗಳು ಬೇಕಾಗಿದ್ದುವು.

ಈ ವಿಧಾನಕ್ಕೆ ಮಾದರಿಯಾಗಿ ಪಾಠವೊಂದನ್ನು ರಚಿಸಿದವರು ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಶಿಕ್ಷಣ ಕಾಲೇಜಿನವರು. ೧೯೧೬ರಷ್ಟು ಹಿಂದೆಯೇ ಪ್ರಾರಂಭವಾದ ಈ ಸಂಸ್ಥೆ, ಮಕ್ಕಳು ತಾವೇ ಕೈಯಾರೆ ಮಾಡಿ ಕಲಿಯಬೇಕೆಂಬ ತತ್ತ್ವಕ್ಕೆ ಹೆಸರಾದುದು. ವಿಷಯವಾಗಿ ಅವರು ಆರಿಸಿಕೊಂಡುದು ಮೆಕ್ಸಿಕೊ ದೇಶದ ಚಿಯಾಪಾಸ್ ಕಾಡಿನ ಅಂಚಿನಲ್ಲಿರುವ ಪಾಲೆಂಕೆ ಎಂಬ ಮಾಯಾ ಜನರ ಹಾಳುನಗರ. ಅಲ್ಲಿನ ಶಾಸನಮಂದಿರದ ಒಡಲಿನಲ್ಲಿ ಪಕಾಲ್ ರಾಜನ ಸಮಾಧಿಯನ್ನು ೧೯೫೨ರಲ್ಲಿ ಪುರಾತತ್ತ್ವಜ್ಞ ಆಲ್ಬರ್ಟೊ ರೂಸ್ ಅವರು ಕಂಡುಹಿಡಿದಿದ್ದರು. ತೆರೆಯ ಮುಂದೆ ಕುಳಿತ ಮಗು ಒಂದು ಹಿಡಿಯನ್ನು ಆಡಿಸುತ್ತ ಆ ಹಾಳುನಗರದ ದಾರಿಗಳಲ್ಲಿ ನಡೆದುಹೋಗುತ್ತದೆ. ಒಂದು ಕಡೆ ನಿಂತು ಸುತ್ತಲೂ ತಿರುಗಿ ನೋಡಬಹುದು. ಮೀನುಗಣ್ಣಿನ ಮಸೂರದಿಂದ ತೆಗೆದ ದುಂಡನೆಯ ಚಿತ್ರವನ್ನು ಆ ಕ್ಷಣದಲ್ಲಿಯೇ ನೇರಮಾಡಿ ತೋರಿಸುವ ಉಪಾಯವಿತ್ತು. ಮೆಚ್ಚಿದ ದೃಶ್ಯವನ್ನು ತನ್ನದೇ ಒಂದು ಆಲ್ಬಮ್ಮಿಗೆ ಸೇರಿಸಿಕೊಳ್ಳಬಹುದು. ಲಿಪಿಯೇನು, ಕಾಡೇನು, ಅಲ್ಲಿ ಬದುಕಿದ್ದವರಾರು ಎಂಬ ಪ್ರಶ್ನೆಗಳೆದ್ದರೆ ವಸ್ತುಸಂಗ್ರಹಾಲಯದ ಕೋಣೆಗಳಿಗೆ ಹೋಗಬಹುದು.

ಇಲ್ಲಿ ಗಮನಾರ್ಹವಾದುದು ಪಾಠದ ಮೊದಲಿಗೂ ಕೊನೆಗೂ ಪರೀಕ್ಷೆಯಿಲ್ಲದಿದ್ದುದು, ಎಲ್ಲರೂ ಹಿಡಿಯಲೇಬೇಕಾದ ಒಂದೇ ದಾರಿ ಇಲ್ಲದಿದ್ದುದು. ಆದರೂ ಈ ಸ್ವಾತಂತ್ರ್ಯಕ್ಕೆ ಒಂದು ಎಲ್ಲೆಯಿತ್ತೆಂಬುದನ್ನು ಹೇಳಲೇಬೇಕು. ಮಗು ಹೋಗಬಹುದಾದುದು ಕ್ಯಾಮರಾ ಹೋಗಿದ್ದ ದಾರಿಯಲ್ಲಿ ಮಾತ್ರ. ಕೇಳಬಹುದಾದುದು ರಚನಕಾರರು ಊಹಿಸಿದ್ದ ಪ್ರಶ್ನೆಯನ್ನು ಮಾತ್ರ. "ಈ ಮೆಟ್ಟಿಲುಗಳನ್ನು ಇಷ್ಟು ಕಡಿದಾಗಿ ಏಕೆ ಕಟ್ಟಿದರು?" ಎಂದು ಮಗು ಕೇಳಿ, ಅದಕ್ಕೆ ದೃಶ್ಯ ಸಿದ್ಧವಿಲ್ಲದಿದ್ದರೆ ತಟ್ಟೆ ಮೌನ. ಪಕ್ಕದಲ್ಲಿ ಅಧ್ಯಾಪಕರಿದ್ದರೆ ಆ ಮೌನದಿಂದಲೇ ಪಾಠ ಮುಂದುವರಿದೀತು. ತಟ್ಟೆಯು ಅಧ್ಯಾಪಕರ ಸ್ಥಾನವನ್ನು ತುಂಬುವುದೆಂದು ಆ ದಿನಗಳಲ್ಲಿ ಕೇಳಿಬಂದ ಮಾತಿಗೆ ನನ್ನ ಸಮ್ಮತಿಯಿಲ್ಲದಿರುವುದು ಈ ಕಾರಣದಿಂದ.

ಡಿ.ವಿ.ಐ.ಯ ಮುಂದಿನ ಗತಿ ಉಪಕರಣ ಕೊಳ್ಳುವವರು ನೆನಪಿಡತಕ್ಕದ್ದು. ಆರ್.ಸಿ.ಎ.ಯನ್ನು ಜನರಲ್ ಎಲೆಕ್ಟ್ರಿಕ್ ಕೊಂಡಿತು. ೧೯೮೮ರಲ್ಲಿ ಈ ವಿಧಾನ ಇಂಟೆಲ್ ಕಂಪನಿಯ ಕೈಸೇರಿತು. ಉತ್ತಮ ಗುಣದ ಅಡಕವನ್ನು ದೊಡ್ಡ ಕಂಪ್ಯೂಟರಿನಲ್ಲಿಯೇ ಮಾಡಿಸಬೇಕಾಗಿದ್ದುದರಿಂದ ಶಾಲೆಯೊಂದು ತನ್ನ ಪಾಠವನ್ನು ತಾನೇ ಮಾಡಿಕೊಳ್ಳುವಂತಿರಲಿಲ್ಲ. ಅಷ್ಟರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಮಿತಿಗಳು ಕೊಸೈನ್ ವಿಧಾನವನ್ನೂ ಚಿತ್ರಗಳ ನಡುವಣ ವ್ಯತ್ಯಾಸವನ್ನು ಬರೆಯುವ ಉಪಾಯವನ್ನೂ ಸೇರಿಸಿ ಎಂಪೆಗ್-೧ ಎಂಬ ಬಹಿರಂಗ ಮಾನಕವನ್ನು ಸಿದ್ಧಪಡಿಸಿ ೧೯೯೩ರಲ್ಲಿ ಪ್ರಕಟಿಸಿದರು. ಅದನ್ನು ಯಾರು ಬೇಕಾದರೂ ಓದಿ ಯಂತ್ರ ಮಾಡಬಹುದಾಗಿತ್ತು. ಅದೇ ವರ್ಷ ಅದರ ಆಧಾರದ ಮೇಲೆ ವೀಡಿಯೊ ಸಿ.ಡಿ. ಬಂದಿತು. ಡಿ.ವಿ.ಐ. ಕೆಲವೇ ವರ್ಷಗಳಲ್ಲಿ ಮರೆಗೆ ಸಂದಿತು. ಅದಕ್ಕೆಂದೇ ಮಾಡಿದ ಪಾಠಗಳು, ಅದರ ಚಿಪ್ ಇಲ್ಲದ ಕಂಪ್ಯೂಟರಿನಲ್ಲಿ ಹೊಳೆಯುವ ತಟ್ಟೆಗಳಾಗಿ ಮಾತ್ರ ಉಳಿದುವು. ವೀಡಿಯೊ ಸಿ.ಡಿ.ಯಾದರೋ ಏಷ್ಯದ ದೇಶಗಳಲ್ಲಿ ಮನೆಮಾತಾಯಿತು. ನಮ್ಮ ಕರ್ನಾಟಕದ ಊರೂರುಗಳಲ್ಲಿ ಸಿನಿಮಾಗಳೂ ಮದುವೆಗಳೂ ಶಾಲಾ ವಾರ್ಷಿಕೋತ್ಸವಗಳೂ ಅದರಲ್ಲಿಯೇ ಸೇರಿಹೋದುವು. ಅದರಲ್ಲಿ ಸಂವಾದದ ಗುಣ ತೀರ ಅಲ್ಪ. ಪಾಲೆಂಕೆಯ ಕನಸು ಸೊರಗಿ, ಅಗ್ಗದ ಚಿತ್ರಮಂದಿರ ಗೆದ್ದಿತೆನ್ನಬೇಕು. ಆದರೆ ಅಂದಿನ ಎಂಪೆಗ್-೧ರ ಚಿತ್ರವನ್ನು ಇಂದಿನ ಕಂಪ್ಯೂಟರೂ ತೆರೆಯಬಲ್ಲುದು.

ಬಾಳಿಕೆಯ ಈ ಪ್ರಶ್ನೆಯನ್ನು ಎತ್ತಿದ ಮೇಲೆ ಇಂಗ್ಲೆಂಡಿನ "ಡೂಮ್ಸ್‌ಡೇ" ಯೋಜನೆಯನ್ನು ಹೇಳದಿರಲಾಗದು. ಅಲ್ಲಿನ ರಾಜ ವಿಲಿಯಮನು ೧೦೮೬ರಲ್ಲಿ ತನ್ನ ರಾಜ್ಯದ ಭೂಮಿಕಾಣಿಗಳ ಲೆಕ್ಕವನ್ನು ಚರ್ಮದ ಹಾಳೆಗಳಲ್ಲಿ ಬರೆ‌ಸಿದ. ಅದರ ಒಂಬೈನೂರನೆಯ ವರ್ಷದ ನೆನಪಿಗಾಗಿ ಬಿ.ಬಿ.ಸಿ. ಸಂಸ್ಥೆ ೧೯೮೬ರಲ್ಲಿ ದೇಶದ ಹೊಸ ಚಿತ್ರವನ್ನು ಎರಡು ದೊಡ್ಡ ಲೇಸರ್ ತಟ್ಟೆಗಳಲ್ಲಿ ಸಿದ್ಧಪಡಿಸಿತು. ಚಿತ್ರಗಳು ಹಳೆಯ ರೀತಿಯಲ್ಲಿ, ಅಕ್ಷರಗಳು ಅಂಕಿಗಳ ರೂಪದಲ್ಲಿ. ದೇಶವನ್ನು ನಾಲ್ಕು ಕಿಲೋಮೀಟರಿಗೆ ಮೂರು ಕಿಲೋಮೀಟರಿನ ತುಂಡುಗಳಾಗಿ ವಿಂಗಡಿಸಿ, ಒಂದೊಂದನ್ನು ಒಂದೊಂದು ಶಾಲೆಗೋ ಸ್ಥಳೀಯ ಸಂಘಕ್ಕೋ ವಹಿಸಲಾಯಿತು. ಮಕ್ಕಳು ತಮ್ಮ ಊರಿನ ಅಂಗಡಿಗಳನ್ನು ಎಣಿಸಿದರು, ಹಿರಿಯರನ್ನು ಮಾತನಾಡಿಸಿದರು, ತಮ್ಮ ದಿನಚರಿಯನ್ನು ಬರೆದರು, ಛಾಯಾಚಿತ್ರ ತೆಗೆದರು. ಹತ್ತು ಲಕ್ಷಕ್ಕೂ ಹೆಚ್ಚು ಜನ ಅದರಲ್ಲಿ ಪಾಲ್ಗೊಂಡರು. ನನ್ನ ದೃಷ್ಟಿಯಲ್ಲಿ ಬೆಳಕಿನ ತಟ್ಟೆಯ ಇತಿಹಾಸದಲ್ಲೆಲ್ಲ ಅತ್ಯುತ್ತಮವಾದ ಕಲಿಕೆ ನಡೆದುದು ಇಲ್ಲಿ. ಅದೂ ತಟ್ಟೆ ಸಿದ್ಧವಾಗುವ ಮೊದಲೇ. ಪಾಲೆಂಕೆಯಲ್ಲಿ ಮಗು ಬೇರೆಯವರು ತೆಗೆದ ದೃಶ್ಯಗಳನ್ನು ಆರಿಸಿಕೊಂಡಿತು. ಇಲ್ಲಿ ಯಾವುದು ದೃಶ್ಯವಾಗಲು ಯೋಗ್ಯವೆಂಬುದನ್ನೇ ಮಕ್ಕಳು ನಿರ್ಧರಿಸಿದರು.

ಮುಂದೆ ಆದುದು ಬೇಸರದ ಕಥೆ. ಯಂತ್ರ, ಕಂಪ್ಯೂಟರು, ತಟ್ಟೆ ಎಲ್ಲ ಸೇರಿ ಬೆಲೆ ಸುಮಾರು ೫,೦೦೦ ಪೌಂಡು. ಮಾಹಿತಿಯನ್ನು ಒದಗಿಸಿದ ಎಷ್ಟೋ ಶಾಲೆಗಳಿಗೇ ಅದನ್ನು ಕೊಳ್ಳಲಾಗಲಿಲ್ಲ. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅದನ್ನು ಓದಬಲ್ಲ ಯಂತ್ರಗಳೇ ವಿರಳವಾದುವು. ಒಂಬೈನೂರು ವರ್ಷದ ಚರ್ಮದ ಪುಸ್ತಕವನ್ನು ಓದಬಲ್ಲವರು ಇದ್ದರು, ಹದಿನೈದು ವರ್ಷದ ತಟ್ಟೆಯನ್ನು ಓದಿಸುವ ಬಗೆ ಕಾಣದಾಯಿತು! ೨೦೦೨ರಲ್ಲಿ ಲೀಡ್ಸ್ ಮತ್ತು ಮಿಚಿಗನ್ ವಿಶ್ವವಿದ್ಯಾಲಯಗಳ ವಿದ್ವಾಂಸರು ಹಳೆಯ ಕಂಪ್ಯೂಟರಿನ ನಡವಳಿಕೆಯನ್ನು ಹೊಸ ಕಂಪ್ಯೂಟರಿನಲ್ಲಿ ಅನುಕರಿಸಿ ಅದನ್ನು ಮತ್ತೆ ತೆರೆದು ತೋರಿಸಿದರು. ೨೦೧೧ರಲ್ಲಿ ಮಕ್ಕಳು ಬರೆದ ಪುಟಗಳನ್ನು ಬಿ.ಬಿ.ಸಿ. ಅಂತರ್ಜಾಲದಲ್ಲಿ ಪ್ರಕಟಿಸಿತು. ಅಷ್ಟು ಹೊತ್ತಿಗೆ ಆ ಮಕ್ಕಳು ನಡುವಯಸ್ಸಿಗೆ ಬಂದಿದ್ದರು.

ನಮ್ಮ ಶಾಲೆಗಳ ಕಪಾಟುಗಳಲ್ಲಿಯೂ ತಟ್ಟೆಗಳಿವೆ. ೨೦೦೦ದ ದಶಕದಲ್ಲಿ ದಾನಿಗಳು ಕೊಡಿಸಿದ ಪಾಠದ ಸಿ.ಡಿ.ಗಳು, ಕಾರ್ಯಕ್ರಮಗಳ ವೀಡಿಯೊ ಸಿ.ಡಿ.ಗಳು, ನಿವೃತ್ತರಾದ ಗುರುಗಳ ಬೀಳ್ಕೊಡುಗೆಯ ಭಾಷಣಗಳು. ಈಗಿನ ಹೊಸ ಕಂಪ್ಯೂಟರುಗಳಲ್ಲಿ ತಟ್ಟೆ ಹಾಕುವ ಬಾಯಿಯೇ ಇರುವುದಿಲ್ಲ. ಆದರೂ ಹೊರಗಿನಿಂದ ಜೋಡಿಸುವ ಯಂತ್ರ ಇನ್ನೂ ಸಿಗುತ್ತದೆ. ಮನೆಯಲ್ಲಿ ಬರೆದ ತಟ್ಟೆಗಳಲ್ಲಿ ಕುಳಿಗಳಿರುವುದಿಲ್ಲ, ಸಾವಯವ ಬಣ್ಣದ ಪದರವಿರುತ್ತದೆ. ಬಿಸಿಲಿಗೂ ಕಾವಿಗೂ ಅದು ಮಾಸುತ್ತದೆ. ಹೆಸರು ಬರೆಯುವ ಮೇಲ್ಭಾಗದ ಗೀರು ಕೆಳಭಾಗದ ಗೀರಿಗಿಂತ ಅಪಾಯಕಾರಿ, ಏಕೆಂದರೆ ಮಾಹಿತಿಯ ಪದರ ಮೇಲ್ಭಾಗಕ್ಕೇ ಅಂಟಿಕೊಂಡಿದೆ. ಬಾಲ್ ಪೆನ್ನಿನಿಂದ ಒತ್ತಿ ಬರೆದ ಹೆಸರೂ ಅದಕ್ಕೆ ಗಾಯವೇ. ವೀಡಿಯೊ ಸಿ.ಡಿ.ಗಳನ್ನು ಮೊದಲು ಪ್ರತಿಮಾಡಿಕೊಳ್ಳಬೇಕು. ಅವುಗಳಲ್ಲಿ ಹೆಚ್ಚು ಚಿತ್ರ ಹಿಡಿಸಲೆಂದು, ಸಾಮಾನ್ಯ ಸಿ.ಡಿ.-ರಾಮಿನಲ್ಲಿ ತಪ್ಪು ತಿದ್ದಲು ಮೀಸಲಾದ ಒಂದು ಪದರವನ್ನು ಕೈಬಿಟ್ಟು, ಒಂದೊಂದು ಘಟಕದಲ್ಲಿ ೨,೦೪೮ರ ಬದಲು ೨,೩೨೪ ಬೈಟ್‌ಗಳನ್ನು ತುಂಬಿದ್ದಾರೆ. ಚಿತ್ರದಲ್ಲಿ ಅಲ್ಲೊಂದು ಇಲ್ಲೊಂದು ಚೌಕ ಕೆಟ್ಟರೆ ನೋಡುವವನು ಸಹಿಸುತ್ತಾನೆಂಬ ಲೆಕ್ಕ ಅದು. ಆದ್ದರಿಂದಲೇ ಗೀರು ಬಿದ್ದ ವೀಡಿಯೊ ಸಿ.ಡಿ. ಆಟಗಾರ ಯಂತ್ರದಲ್ಲಿ ತಡವರಿಸುತ್ತ ಓಡಿದರೂ ಕಂಪ್ಯೂಟರಿಗೆ ಪ್ರತಿಮಾಡುವಾಗ ನಡುವೆ ನಿಂತುಬಿಡುತ್ತದೆ. ಆಗ ತಟ್ಟೆಯನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಓದುವ ವೇಗವನ್ನು ತಗ್ಗಿಸಿ, ಬೇರೆ ಬೇರೆ ಯಂತ್ರಗಳಲ್ಲಿ ಪ್ರಯತ್ನಿಸಬೇಕು. ಒಂದು ಯಂತ್ರ ಓದಲಾರದುದನ್ನು ಇನ್ನೊಂದು ಓದುವುದು ಅಪರೂಪವಲ್ಲ.